ಗ್ಯಾಸ್ ಹೋಯ್ತೇನಮ್ಮ?

ನನ್ನ ಗಂಟಲು ದೊಡ್ಡದು, ಒಪ್ಪಿಕೊಳ್ಳುತ್ತೇನೆ. ಮೂವತ್ತೊಂದು ವರ್ಷ ಮೈಸೂರಿನ ಸಿಟಿ ಬಸ್ಸು ಓಡಿಸಿದ ಮಂಟಯ್ಯ ನಾನು. ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹಾಗೇ ನಿಂತುಬಿಟ್ಟಿದೆ, ಪಿಸುಮಾತು ಬರುವುದಿಲ್ಲ. ಸಿಟ್ಟಂತೂ ಮೂಗಿನ ತುದಿಯಲ್ಲೇ. ಇವೆರಡನ್ನೂ ಕಟ್ಟಿಕೊಂಡು ನನ್ನ ಹೆಂಡತಿ ಸೋಮಮ್ಮ ಪಟ್ಟ ಪಾಡು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸಿದ್ಧಾರ್ಥನಗರದ ನಮ್ಮ ಮನೆಯಲ್ಲಿ ಇರುವುದು ಒಂದೇ ಕಕ್ಕಸು. ಬೆಳಗಾದರೆ ಮಗ ಸಿದ್ದೇಶನಿಗೆ ಫ್ಯಾಕ್ಟರಿ ಶಿಫ್ಟು, ಸೊಸೆ ಭಾನುಪ್ರಿಯಾಳಿಗೆ ಅವಳ ಹೊಲಿಗೆ ಅಂಗಡಿ, ನನಗೆ ಯಾವ ಕೆಲಸವೂ ಇಲ್ಲದಿದ್ದರೂ ಎಲ್ಲರಿಗಿಂತ ಹೆಚ್ಚು ಅವಸರ. ಸೋಮಿ ಒಳಗೆ ಹೋದಳೆಂದರೆ ಮುಕ್ಕಾಲು ಗಂಟೆ ಬಾಗಿಲು ತೆಗೆಯುತ್ತಿರಲಿಲ್ಲ. ನಾನು ಚೊಂಬು ಹಿಡಿದು ಹೊರಗೆ ನಿಂತು ಕೂಗುತ್ತಿದ್ದೆ: "ಒಳಗೇನು ಪರೀಕ್ಷೆ ಬರೀತಿದ್ದೀಯೇನೇ? ಪೇಪರ್ ಕೊಟ್ಟು ಬಾರೇ ಈಚೆಗೆ!" ಎದುರು ಮನೆಯವರೆಗೂ ಕೇಳಿಸುತ್ತಿತ್ತು. ಅವಳು ಬಂದಾಗ ಹಣೆಯೆಲ್ಲ ಬೆವರು, ಮುಖ ಬಿಳುಚಿಕೊಂಡಿರುತ್ತಿತ್ತು. "ಹೋಗಿ, ಖಾಲಿ ಐತೆ" ಅಂದು ನನ್ನ ಪಕ್ಕದಿಂದ ಹಾದುಹೋಗುತ್ತಿದ್ದಳು. ಅಷ್ಟೇ. ಒಂದು ದಿನವೂ ತಿರುಗಿ ಬಯ್ಯಲಿಲ್ಲ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅವಳು ನನ್ನ ಸ್ಕೂಟರಿನ ಹಿಂದೆ ಕೂರುವುದನ್ನು ಬಿಟ್ಟಳು. ಮದುವೆ ಮುಂಜಿಗೆ ಬರುವುದನ್ನು ಬಿಟ್ಟಳು. ರಾತ್ರಿ ಊಟ ಬಿಟ್ಟಳು. ಕೇಳಿದರೆ "ಹಸಿವಿಲ್ಲ" ಅನ್ನುತ್ತಿದ್ದಳು. ಹೀಗೆ ಆರು ವರ್ಷ. ನನಗೆ ಏನನ್ನಿಸಿತು ಗೊತ್ತೇ? ರಿಟೈರಾದ ಗಂಡನ ಮೇಲೆ ತಾತ್ಸಾರ ಬಂದಿದೆ ಇವಳಿಗೆ, ಬಸ್ಸಿನ ಯೂನಿಫಾರ್ಮ್ ಹೋದಮೇಲೆ ನಾನು ಕಣ್ಣಿಗೆ ಕಾಣುತ್ತಿಲ್ಲ ಅಂತ. ಒಳಗೊಳಗೇ ಕುದಿಯುತ್ತಿದ್ದೆ. ಕೇಳಿಬಿಡುವ ಧೈರ್ಯ ಮಾತ್ರ ಬರಲಿಲ್ಲ. ಅವಳು "ಹೌದು" ಅಂದುಬಿಟ್ಟರೆ ಎಂಬ ಹೆದರಿಕೆ.

ಹೋದ ವರ್ಷ ಆಷಾಢದ ಒಂದು ಭಾನುವಾರ ಬೆಳಗ್ಗೆ, ಎಂದಿನಂತೆ ಬಾಗಿಲ ಹೊರಗೆ ನಿಂತು ನನ್ನ ಭಾಷಣ ಶುರುಮಾಡಿದ್ದೆ. ಒಳಗಿನಿಂದ ಚಿಲಕ ತೆಗೆದ ಸದ್ದು ಬಂತು. ಆದರೆ ಸೋಮಿ ಬರಲಿಲ್ಲ.

"ಇವ್ರೇ, ಒಂದ್ ಗಳಿಗೆ ಒಳಕ್ ಬನ್ನಿ" ಅಂದಳು. "ಕೂಗ್ಬೇಡಿ. ಸೊಸೆಗೆ ಗೊತ್ತಾಗೋದ್ ಬ್ಯಾಡ."

ಒಳಗೆ ಹೋದೆ. ಗೋಡೆ ಹಿಡಿದು ನಿಂತಿದ್ದಳು, ಸೀರೆ ಎತ್ತಿ ಹಿಡಿದಿದ್ದಳು, ಕಣ್ಣು ಮುಚ್ಚಿಕೊಂಡಿದ್ದಳು. "ಕಳ್ಳು ಈಚೆಗೆ ಬಂದ್ಬುಟ್ಟದೆ" ಅಂದಳು. "ದಿನಾ ಬತ್ತದೆ, ನಾನೇ ಕೈಯಲ್ಲಿ ಒಳಕ್ಕೆ ತಳ್ಕೊತೀನಿ. ಇವತ್ತು ಏನ್ ಮಾಡುದ್ರೂ ಹೋಯ್ತಾ ಇಲ್ಲ."

ನೋಡಿದೆ. ಒಂದು ಗೇಣಿಗೆ ಸ್ವಲ್ಪ ಕಡಿಮೆ, ಕರುಳು ಕೆಂಪಗೆ ಊದಿಕೊಂಡು ಹೊರಗೆ ನಿಂತಿತ್ತು. ಆರು ವರ್ಷ ದಿನಾ ಇದನ್ನು ಕೈಯಲ್ಲಿ ತಳ್ಳಿಕೊಂಡು ಬೆವರುತ್ತ ಒಳಗೆ ಕೂತಿದ್ದವಳಿಗೆ ನಾನು ಹೊರಗೆ ನಿಂತು ಪರೀಕ್ಷೆ ಪೇಪರಿನ ತಮಾಷೆ ಮಾಡುತ್ತಿದ್ದೆನಲ್ಲ! ಅಳು ಬಂತು. ನನಗೆ ಅಳು ಬಂದರೆ ಅದು ಸಿಟ್ಟಾಗಿಯೇ ಹೊರಗೆ ಬರುವುದು. "ಬಾಯಿಗೇನು ಬೀಗ ಹಾಕ್ಕೊಂಡಿದ್ಯೇನೇ ಇಷ್ಟು ವರ್ಷ?" ಎಂದು ಅಬ್ಬರಿಸಿದೆ. ಸೊಸೆ ಮಾತ್ರವಲ್ಲ, ಬೀದಿಯೇ ಎದ್ದು ಬಂತು.

ಭಾನುಪ್ರಿಯಾ ಗಟ್ಟಿ ಹುಡುಗಿ. ಒಂದು ಪ್ರಶ್ನೆ ಕೇಳಲಿಲ್ಲ. ಒಗೆದ ಹತ್ತಿ ಸೀರೆಯನ್ನು ಒದ್ದೆ ಮಾಡಿ ಅತ್ತೆಗೆ ಕಟ್ಟಿ, ಆಟೋ ಕರೆದು, ಅತ್ತೆಯನ್ನು ಮಗ್ಗುಲಾಗಿ ತೊಡೆಯ ಮೇಲೆ ಮಲಗಿಸಿಕೊಂಡಳು. ಲಷ್ಕರ್ ಮೊಹಲ್ಲಾದ ಹತ್ತಿರ ಒಂದು ನರ್ಸಿಂಗ್ ಹೋಮಿದೆ, ಅಲ್ಲಿಗೆ ಹೋದೆವು. ದಾರಿಯುದ್ದಕ್ಕೂ ನಾನು ಆಟೋದವನಿಗೆ ಹಂಪು ಎಲ್ಲೆಲ್ಲಿದೆ ಅಂತ ಹೇಳುತ್ತಿದ್ದೆ. "ಮಾವ, ಸ್ವಲ್ಪ ಸುಮ್ನಿರ್ತೀರಾ" ಅಂದಳು ಸೊಸೆ.

ಅಲ್ಲಿಯ ಸರ್ಜನ್ನು ಡಾಕ್ಟರ್ ಅನಂತಪದ್ಮನಾಭ. ತೆಳ್ಳಗಿನ ಮನುಷ್ಯ, ಮಾತಾಡಿದರೆ ಕಿವಿ ಹತ್ತಿರ ಕೊಡಬೇಕು, ಅಷ್ಟು ಮೆತ್ತಗೆ. ಸೋಮಿಯನ್ನು ಪರೀಕ್ಷೆ ಮಾಡಿ ಹೊರಗೆ ಬಂದವರು ನನ್ನನ್ನು ನೋಡಿ, "ಯಜಮಾನರೇ, ಅಂಗಡಿಗೆ ಹೋಗಿ ಅರ್ಧ ಕೇಜಿ ಸಕ್ಕರೆ ತರ್ತೀರಾ? ಬೇಗ" ಅಂದರು.

ಪಿತ್ತ ನೆತ್ತಿಗೇರಿತು. "ನನ್ನ ಹೆಂಡ್ತಿ ಅಲ್ಲಿ ನರಳ್ತಾ ಅವ್ಳೆ, ನಿಮ್ಗೆ ಕಾಫಿ ಕುಡಿಯೋ ಹೊತ್ತಾ ಇದು?" ಎಂದೆ.

"ಕಾಫಿಗಲ್ಲ. ಅವರಿಗೇ" ಅಂದರು.

"ಅವ್ಳಿಗೆ ಶುಗರ್ ಇಲ್ಲ, ನಂಗಿರೋದು!"

ಆಸ್ಪತ್ರೆಯ ಕಾರಿಡಾರೇ ನಕ್ಕಿತು. ಡಾಕ್ಟರು ಮಾತ್ರ ನಗಲಿಲ್ಲ. ಊದಿಕೊಂಡ ಕರುಳಿನ ಮೇಲೆ ಸಕ್ಕರೆ ಸುರಿದು ಅರ್ಧ ಗಂಟೆ ಬಿಟ್ಟರೆ ಅದು ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಊತ ಇಳಿದು ಮೆತ್ತಗಾಗುತ್ತದೆ, ಆಮೇಲೆ ನಿಧಾನವಾಗಿ ಒಳಗೆ ಸೇರಿಸಬಹುದು ಅಂತ ವಿವರಿಸಿದರು. ಹಳೇ ಉಪಾಯವಂತೆ. ಬಾಯಿ ಮುಚ್ಚಿಕೊಂಡು ಓಡಿದೆ. ಒಂದು ಗಂಟೆಯ ಮೇಲೆ ಸೋಮಿ ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದಳು, ಕರುಳು ಒಳಗೆ ಹೋಗಿತ್ತು. "ಪಾಯಸ ಮಾಡ್ಬುಟ್ರು ನನ್ನ" ಎಂದಳು. ಅಷ್ಟು ನೋವಿನಲ್ಲೂ!

ಡಾಕ್ಟರು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ತಿಳಿಸಿ ಹೇಳಿದರು. ಇದು ಮೂಲವ್ಯಾಧಿ ಅಲ್ಲ. ದೊಡ್ಡ ಕರುಳಿನ ಕೊನೆಯ ಭಾಗವನ್ನು ಹಿಡಿದು ನಿಲ್ಲಿಸುವ ಕಟ್ಟು ಸಡಿಲವಾಗಿದೆ. ಅಂಗಿಯ ತೋಳನ್ನು ಎಳೆದರೆ ಒಳಮಗ್ಗುಲು ಹೊರಗೆ ಬರುತ್ತದಲ್ಲ, ಹಾಗೆ ಅದು ಜಾರಿ ಬರುತ್ತಿದೆ. ವರ್ಷಗಟ್ಟಲೆ ಮುಕ್ಕಿರಿದು ಕೂರುವವರಿಗೆ, ಅದರಲ್ಲೂ ಹೆಂಗಸರಿಗೆ, ಹೀಗಾಗುವುದುಂಟು. ಪುಡಿ, ಲೇಹ್ಯಗಳಿಂದ ಹೋಗುವುದಿಲ್ಲ, ಆಪರೇಷನ್ ಮಾಡಬೇಕು. ಹೊಟ್ಟೆಗೆ ಮೂರು ನಾಲ್ಕು ಸಣ್ಣ ತೂತು ಮಾಡಿ, ಕರುಳನ್ನು ಮೇಲಕ್ಕೆತ್ತಿ, ಒಂದು ಬಲೆಯ ಪಟ್ಟಿಯಿಂದ ಬೆನ್ನುಮೂಳೆಯ ಬುಡಕ್ಕೆ ಹೊಲಿದು ನಿಲ್ಲಿಸುತ್ತಾರೆ.

"ಮಲಬದ್ಧತೆ ಯಾವಾಗಿಂದಮ್ಮ?" ಎಂದು ಕೇಳಿದರು.

ಸೋಮಿ ನೆಲ ನೋಡುತ್ತ ಹೇಳಿದಳು. ಹತ್ತೊಂಬತ್ತು ವರ್ಷ ಅವಳು ಒಂದು ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡಿದವಳು. ಇನ್ನೂರು ಮಕ್ಕಳ ಅನ್ನದ ಪಾತ್ರೆ ಎತ್ತಿ ಇಳಿಸಿದವಳು. ಅಲ್ಲಿ ಮೇಷ್ಟರುಗಳ ಕಕ್ಕಸಿಗೆ ಅಡಿಗೆಯವರು ಹೋಗುವ ಹಾಗಿರಲಿಲ್ಲ. ಬೆಳಗ್ಗೆ ಏಳಕ್ಕೆ ಹೋದರೆ ಸಂಜೆ ನಾಲ್ಕರವರೆಗೆ ತಡೆದುಕೊಳ್ಳಬೇಕು. ತಡೆಯುವುದು ಸುಲಭವಾಗಲಿ ಅಂತ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಇದನ್ನೆಲ್ಲ ಡಾಕ್ಟರ ಮುಂದೆ ನಾನೂ ಮೊದಲ ಸಲ ಕೇಳಿದೆ. ಮೂವತ್ತೆಂಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು!

ಹದಿನೈದು ದಿನ ಬಿಟ್ಟು, ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಿ, ಬೇರೆ ಕಾಯಿಲೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಒಂದು ಮಂಗಳವಾರ ಆಪರೇಷನ್ ಮಾಡಿದರು. ಚೆನ್ನಾಗಿ ಆಯಿತು. ಹೊರಗೆ ಬಂದ ಡಾಕ್ಟರು ನನ್ನ ಭುಜ ತಟ್ಟಿದರು. ಇನ್ನೇನು ಎಲ್ಲ ಮುಗಿಯಿತು ಅಂದುಕೊಂಡೆ. ನಿಜವಾದ ರಾಮಾಯಣ ಶುರುವಾದದ್ದೇ ಆಮೇಲೆ.

ಬುಧವಾರ ಬೆಳಗ್ಗೆ ಹೆಂಗಸರ ವಾರ್ಡಿಗೆ ಬಂದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಗ್ಯಾಸ್ ಹೋಯ್ತೇನಮ್ಮ?"

ಸೋಮಿಗಿಂತ ಮುಂಚೆ ನಾನೇ ಬಾಯಿ ಹಾಕಿದೆ. "ಅವ್ಳಿಗೆ ಗ್ಯಾಸ್ ಇರ್ಲೇ ಇಲ್ಲ ಡಾಕ್ಟ್ರೇ. ಎದೆಯುರಿ, ಹುಳಿತೇಗು ಎಲ್ಲಾ ನಂಗೆ."

ನರ್ಸು ನಗು ತಡೆದುಕೊಂಡು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: ಅದಲ್ಲ ಅಂಕಲ್, ಕೆಳಗಡೆಯಿಂದ ಗಾಳಿ ಹೋಗಬೇಕು, ಆಪರೇಷನ್ ಆದಮೇಲೆ ಕರುಳು ಮಲಗಿರುತ್ತದೆ, ಗಾಳಿ ಹೋಯಿತೆಂದರೆ ಅದು ಎದ್ದಿದೆ ಎಂದರ್ಥ, ಆಮೇಲೆಯೇ ಗಂಜಿ, ಊಟ, ಮನೆ. ಅಂದರೆ ಸ್ಪಷ್ಟವಾಗಿ ಹೇಳಬೇಕೆಂದರೆ ನನ್ನ ಹೆಂಡತಿ ಹೂಸು ಬಿಡಬೇಕು, ಬಿಟ್ಟದ್ದನ್ನು ಡಾಕ್ಟರಿಗೆ ವರದಿ ಮಾಡಬೇಕು.

ಅಯ್ಯೋ ಶಿವನೇ ಅಂದುಕೊಂಡೆ. ನೀವು ಸೋಮಿಯನ್ನು ಬಲ್ಲವರಲ್ಲ. ಮೂವತ್ತೆಂಟು ವರ್ಷದಲ್ಲಿ ನಾನು ಅವಳದೊಂದು ಅಂಥ ಸದ್ದು ಕೇಳಿಲ್ಲ. ಅದಕ್ಕೆ ಕಾರಣವೂ ಇದೆ. ಅವಳ ತವರು ನರಸೀಪುರದ ಕಡೆ. ಅಲ್ಲಿ ಅವಳ ಸೋದರತ್ತೆ ನಿಂಗಮ್ಮ ಎಂಬಾಕೆ, ಯಾರದೋ ವೀಳ್ಯಶಾಸ್ತ್ರದಲ್ಲಿ ಬಗ್ಗಿ ತಟ್ಟೆ ಎತ್ತುವಾಗ ಒಂದು ಸದ್ದು ಮಾಡಿಬಿಟ್ಟಳಂತೆ. ಅವತ್ತಿನಿಂದ ಸಾಯುವ ತನಕ ಆಕೆ 'ಡುರ್ ನಿಂಗಮ್ಮ'. ರೇಷನ್ ಅಂಗಡಿಯಲ್ಲೂ ಹಾಗೇ ಕೂಗುತ್ತಿದ್ದರಂತೆ. ಆಕೆ ಸತ್ತಮೇಲೂ ಮೊಮ್ಮಕ್ಕಳಿಗೆ 'ಡುರ್ ನಿಂಗಮ್ಮನ ಮನೆಯವರು' ಎಂಬ ಹೆಸರೇ ಉಳಿಯಿತು. ಸೋಮಿ ಬೆಳೆದದ್ದು ಆ ಮನೆಯ ಪಕ್ಕದಲ್ಲಿ.

ಬುಧವಾರ ಕೇಳಿದಾಗ "ಇಲ್ಲ" ಎಂದಳು. ಗುರುವಾರವೂ "ಇಲ್ಲ". "ಹೊಟ್ಟೆ ಬಿಗಿ ಇದೆಯಾ?" ಅಂದರೆ "ಊಂ". ನೀರು ಕುಡಿಸಲು ಹೋದರೆ "ವಾಕರಿಕೆ" ಅಂದು ಮುಖ ತಿರುಗಿಸುತ್ತಿದ್ದಳು. ಡ್ರಿಪ್ಪಿನ ಮೇಲೆಯೇ ಇದ್ದಳು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕೇಳಿ, ಹುಬ್ಬು ಗಂಟಿಕ್ಕಿ, "ಕರುಳಿನ ಸದ್ದು ಕೇಳಿಸ್ತಾ ಇದೆಯಲ್ಲ" ಎಂದು ಗೊಣಗಿಕೊಂಡು ಹೋದರು.

ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ, ನೋಡಲು ಬಿಡುವ ಹೊತ್ತಿಗೆ ನಾನು ಹೋದೆ. ಆರು ಮಂಚದ ವಾರ್ಡು, ಎಲ್ಲದರ ಸುತ್ತಲೂ ಜನ. ಸೋಮಿಯ ಪಕ್ಕದ ಮಂಚದಲ್ಲಿ ಜಯಲಕ್ಷ್ಮಿಪುರಂನ ದಾಕ್ಷಾಯಣಮ್ಮ ಇದ್ದರು, ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸು, ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿತ್ತು. ಮಂಚದ ಮೇಲೆ ಮಲಗಿದ್ದರೂ ಇಡೀ ವಾರ್ಡು ಅವರ ಕ್ಲಾಸಿನಂತೆಯೇ ನಡೆಯಬೇಕು. ನಾನು ಬಂದ ದಿನವೇ "ಸ್ವರ ತಗ್ಗಿಸಿ" ಎಂದು ಗದರಿದ್ದರು.

ಸೋಮಿಯ ಕೈ ಹಿಡಿದು ಸ್ಟೂಲಿನ ಮೇಲೆ ಕೂತಿದ್ದೆ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಫ್ಯಾನುಗಳು ನಿಂತವು. ಮಾತಾಡುತ್ತಿದ್ದವರೂ ಒಂದು ಕ್ಷಣ ತಲೆಯೆತ್ತಿ ಫ್ಯಾನು ನೋಡಿದರು. ಆ ನಿಶ್ಶಬ್ದದಲ್ಲಿ, ಸರಿಯಾಗಿ ಆ ಗಳಿಗೆಯಲ್ಲಿ, ನನ್ನ ಸೋಮಿಯ ಹೊದಿಕೆಯ ಕೆಳಗಿನಿಂದ ಬಂತು. ಸಣ್ಣದಲ್ಲ ಸ್ವಾಮಿ. ಉದ್ದದ್ದು, ರಾಗವಾಗಿ ಶುರುವಾಗಿ ಪಟಪಟನೆ ಮುಗಿಯಿತು.

ಉಳಿದ ಐದು ಮಂಚದವರೂ ಇತ್ತ ತಿರುಗಿದರು. ಸೋಮಿಯ ಮುಖ ಬೂದಿಯಾಯಿತು. ನನ್ನ ಕೈಯನ್ನು ಎಷ್ಟು ಬಲವಾಗಿ ಹಿಡಿದಳೆಂದರೆ ಉಗುರು ನಾಟಿತು. ಅವಳ ಕಣ್ಣಿನಲ್ಲಿ ಆ ನಿಂಗಮ್ಮ ಕಂಡಳು ನನಗೆ. ಆರು ವರ್ಷ ಈ ಹೆಂಗಸಿಗೆ ನಾನು ಒಂದು ಉಪಕಾರ ಮಾಡಲಿಲ್ಲವಲ್ಲ ಅನ್ನಿಸಿತು. ಎದ್ದು ನಿಂತೆ.

"ನಂದೇ ಕಣ್ರಮ್ಮ!" ಅಂದೆ, ಇಡೀ ವಾರ್ಡಿಗೆ ಕೇಳುವಂತೆ. "ಬೆಳಗ್ಗೆ ಅವರೆಕಾಳು ಸಾರು ತಿಂದಿದ್ದೆ. ತಪ್ಪಾಯ್ತು."

ಜನ ಬಿದ್ದು ಬಿದ್ದು ನಕ್ಕರು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು "ಅಯ್ಯೋ, ನಗಿಸ್ಬೇಡ್ರಪ್ಪ" ಎಂದು ಹೊಟ್ಟೆ ಹಿಡಿದುಕೊಂಡರು. ದಾಕ್ಷಾಯಣಮ್ಮ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ರೀ ಇದು, ಹೆಂಗಸರ ವಾರ್ಡಿನಲ್ಲಿ! ಇಷ್ಟು ವಯಸ್ಸಾಗಿದೆ, ಹೊರಗೆ ಹೋಗಿ ಬರಬೇಕು ಅಂತ ತಿಳಿಯೋದಿಲ್ವೇ?" ಎಂದು ಶುರುಮಾಡಿದರು. ಆಯಾ ಬಂದು ನನ್ನನ್ನು ಹೊರಗೆ ಕಳಿಸಿದಳು. ನಾನು ಕಾರಿಡಾರಿನ ಬೆಂಚಿನ ಮೇಲೆ ಎದೆಯುಬ್ಬಿಸಿ ಕೂತೆ. ಹೆಂಡತಿಯ ಮರ್ಯಾದೆ ಉಳಿಸಿದ ಗಂಡು ನಾನು ಎಂಬ ಠೀವಿ!

ಆ ಠೀವಿ ಸಂಜೆ ಆರರವರೆಗೂ ಇತ್ತು. ಆರಕ್ಕೆ ಡಾಕ್ಟರು ರೌಂಡ್ಸಿಗೆ ಬಂದರು. ನಾನು ಬಾಗಿಲಲ್ಲೇ ನಿಂತು ಕಿವಿಗೊಟ್ಟೆ.

"ಗ್ಯಾಸ್ ಹೋಯ್ತೇನಮ್ಮ?"

"ಇಲ್ಲ."

"ಒಂದು ಸಲವೂ ಇಲ್ಲವೇ?"

"ಇಲ್ಲ ಸ್ವಾಮಿ."

ಡಾಕ್ಟರು ನಿಟ್ಟುಸಿರು ಬಿಟ್ಟು ನನ್ನನ್ನು ಒಳಗೆ ಕರೆದರು. "ನೋಡಿ ಯಜಮಾನರೇ, ಮೂರು ದಿನ ಆಯ್ತು. ಗ್ಯಾಸ್ ಇಲ್ಲ, ಹೊಟ್ಟೆ ಬಿಗಿ ಅಂತಾರೆ, ವಾಕರಿಕೆ ಅಂತಾರೆ. ನನಗೆ ಕೇಳಿಸೋದಕ್ಕೂ ಇವರು ಹೇಳೋದಕ್ಕೂ ತಾಳೆ ಆಗ್ತಿಲ್ಲ, ಆದರೆ ನಾನು ಸುಮ್ಮನೆ ಬಿಡೋ ಹಾಗೂ ಇಲ್ಲ. ಈಗ ಮೂಗಿನಿಂದ ಹೊಟ್ಟೆಗೆ ಒಂದು ಟ್ಯೂಬ್ ಇಳಿಸ್ತೀವಿ. ನಾಳೆ ಸ್ಕ್ಯಾನ್. ಕರುಳು ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಮತ್ತೆ ಆಪರೇಷನ್ ಮಾಡಬೇಕಾಗಬಹುದು."

ಮತ್ತೆ ಆಪರೇಷನ್ನು! ಆಗ ಹೊಳೆಯಿತು ಈ ಮಂಕು ತಲೆಗೆ. ವಾರ್ಡಿಗೆ ವಾರ್ಡೇ ಸಾಕ್ಷಿಯಾಗಿದ್ದ ಆ ಸದ್ದನ್ನು ನಾನು ನನ್ನ ಹೆಸರಿಗೆ ಬರೆಸಿಕೊಂಡುಬಿಟ್ಟಿದ್ದೆ. ಅವಳನ್ನು ಮನೆಗೆ ಕಳಿಸಬಹುದಾಗಿದ್ದ ಒಂದೇ ಒಂದು ರುಜುವಾತನ್ನು ನಾನೇ ನುಂಗಿ ಕೂತಿದ್ದೆ.

"ಡಾಕ್ಟ್ರೇ, ಹೋಗಿದೆ!" ಎಂದೆ. "ಗ್ಯಾಸ್ ಹೋಗಿದೆ. ಮಧ್ಯಾಹ್ನ. ಅದು ಅವ್ಳದ್ದೇ, ನಂದಲ್ಲ!"

ಪಕ್ಕದ ಮಂಚದಿಂದ ದಾಕ್ಷಾಯಣಮ್ಮ ಎದ್ದು ಕೂತರು. "ಡಾಕ್ಟರೇ, ಇವರ ಮಾತು ನಂಬಬೇಡಿ. ಮಧ್ಯಾಹ್ನ ಎಲ್ಲರ ಮುಂದೆ ನಂದೇ ಅಂತ ಎದ್ದು ನಿಂತು ಒಪ್ಪಿಕೊಂಡಿದ್ದಾರೆ. ಅವರೆಕಾಳು ತಿಂದದ್ದೂ ಹೇಳಿದ್ದಾರೆ. ಈಗ ಪಾಪ, ಹಾಸಿಗೆ ಹಿಡಿದ ಹೆಂಡತಿಯ ಮೇಲೆ ಹಾಕ್ತಿದ್ದಾರೆ!"

"ಹೌದು ಹೌದು" ಎಂದವು ಉಳಿದ ನಾಲ್ಕು ಮಂಚಗಳು.

"ಅಯ್ಯೋ ನಿಮ್ಮ, ಆವಾಗ ಸುಳ್ಳು ಹೇಳಿದ್ದು ಕಣ್ರೀ! ಈಗ ಹೇಳ್ತಿರೋದು ನಿಜ!" ಎಂದು ಅರಚಿದೆ.

"ಗಂಡಸಾಗಿ ಇಷ್ಟು ಸಣ್ಣ ವಿಷಯಕ್ಕೆ ಎರಡು ನಾಲಿಗೆಯೇ? ಥೂ, ನಾಚಿಕೆಯಾಗಬೇಕು" ಎಂದರು ದಾಕ್ಷಾಯಣಮ್ಮ.

ಡಾಕ್ಟರು ಸೋಮಿಯನ್ನು ನೋಡಿದರು. "ಏನಮ್ಮ, ಇವರು ಹೇಳೋದು ನಿಜವೇ?"

ಸೋಮಿ ಗೋಡೆಯ ಕಡೆ ತಿರುಗಿದಳು. ನರ್ಸು ಟ್ರೇ ತಂದಿಟ್ಟಳು. ಅದರಲ್ಲಿ ಸುರುಳಿ ಸುತ್ತಿದ ಟ್ಯೂಬು ಇತ್ತು. ನಾನು ಮಂಚದ ಕಂಬಿ ಹಿಡಿದು, "ಸೋಮಿ, ಹೇಳೇ. ನಿನ್ನ ದಮ್ಮಯ್ಯ ಅಂತೀನಿ, ಹೇಳ್ಬುಡೇ" ಎಂದೆ. ಅವಳು ತಿರುಗಲಿಲ್ಲ. ನರ್ಸು ತಲೆದಿಂಬು ಎತ್ತರಿಸಿ, "ಅಮ್ಮ, ಮೂಗಿನಲ್ಲಿ ಸ್ವಲ್ಪ ಉರಿಯುತ್ತೆ, ನುಂಗ್ತಾ ಇರಬೇಕು" ಎಂದಳು. ಸೋಮಿ ತಲೆಯಾಡಿಸಿದಳು. ಅಂದರೆ ಟ್ಯೂಬಿಗೆ ಒಪ್ಪಿಗೆ, ಬಾಯಿ ಬಿಡಲು ಮಾತ್ರ ಒಪ್ಪಿಗೆಯಿಲ್ಲ! ಆರು ವರ್ಷ ಕರುಳನ್ನೇ ಕೈಯಲ್ಲಿ ತಳ್ಳಿಕೊಂಡು ಸುಮ್ಮನಿದ್ದವಳಿಗೆ ಒಂದು ಟ್ಯೂಬು ಯಾವ ಲೆಕ್ಕ?

ನನಗೆ ಅಳು ತಡೆಯಲಾಗಲಿಲ್ಲ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ.

"ಆಯಾ, ಈ ಮನುಷ್ಯನನ್ನು ಮೊದಲು ಆಚೆ ಕಳಿಸಿ" ಎಂದರು ದಾಕ್ಷಾಯಣಮ್ಮ. "ಮಾಡೋದು ಮಾಡಿ, ಸುಳ್ಳು ಹೇಳಿ, ಈಗ ನಾಟಕ ಬೇರೆ. ಸುಳ್ಳ."

"ಯಾರ್ಗೆ ಸುಳ್ಳ ಅಂತೀರಿ ನೀವು?"

ಸೋಮಿಯ ಧ್ವನಿ. ಮೂರು ದಿನ ಅನ್ನ ಕಾಣದವಳ ಧ್ವನಿ, ಆದರೂ ವಾರ್ಡಿನ ಮೂಲೆ ಮೂಲೆಗೂ ಕೇಳಿಸಿತು. ನರ್ಸಿನ ಕೈಯನ್ನು ಪಕ್ಕಕ್ಕೆ ಸರಿಸಿ, ಹೊಟ್ಟೆ ಹಿಡಿದುಕೊಂಡು ಅರ್ಧ ಎದ್ದಿದ್ದಳು. "ಆಯಪ್ಪ ಬಾಯ್ಬಡುಕ, ಒಪ್ಕೋತೀನಿ. ಸಿಟ್ಟು ಜಾಸ್ತಿ, ಅದೂ ನಿಜ. ಆದ್ರೆ ಸುಳ್ಳ ಅಲ್ಲ. ಮಧ್ಯಾನ ಬುಟ್ಟಿದ್ದು ಆಯಪ್ಪ ಅಲ್ಲ. ಅದು ನಂದು. ನಾನು, ಸೋಮಮ್ಮ, ಬುಟ್ಟಿದ್ದು!"

ಯಾರೂ ನಗಲಿಲ್ಲ. ಡಾಕ್ಟರು ಮಾತ್ರ ಕೈಯಲ್ಲಿದ್ದ ಫೈಲು ಮುಚ್ಚಿ, ಕೆಲಸ ಸಿಕ್ಕ ಹುಡುಗನ ಹಾಗೆ ಮುಖ ಅರಳಿಸಿಕೊಂಡು, "ನಿಜವಾಗ್ಲೂ? ಅದೊಂದೇನಾ?" ಎಂದರು.

ಒಮ್ಮೆ ಬಾಯಿ ತೆರೆದಮೇಲೆ ಸೋಮಿ ಇನ್ನೇಕೆ ಮುಚ್ಚಿಯಾಳು? "ನೆನ್ನೆ ಎರಡು. ಇವತ್ತು ಬೆಳಗ್ಗೆ ಒಂದು. ಮಧ್ಯಾನದ್ದು ಊರಿಗೇ ಗೊತ್ತದೆ" ಎಂದಳು.

"ಮತ್ತೆ ವಾಕರಿಕೆ? ಹೊಟ್ಟೆ ಬಿಗಿ?"

ಅವಳ ಕಣ್ಣು ತುಂಬಿಕೊಂಡವು. "ಅದು ಸುಳ್ಳು ಸ್ವಾಮಿ. ಹೂಂ ಅಂದ್ರೆ ಊಟ ಕೊಡ್ತೀರ. ಉಂಡ್ರೆ ಹೋಗ್ಬೇಕಾಯ್ತದೆ. ಹೋದ್ರೆ ಮತ್ತೆ ಜಾರಿ ಬಂದ್ಬುಡ್ತದೆ ಅಂತ ಭಯ. ಇಷ್ಟೆಲ್ಲಾ ಕುಯ್ಸ್ಕೊಂಡು ಮತ್ತೆ ಬಂದ್ಬುಟ್ರೆ ನಾನು ಯಾರ್ ಮುಂದೆ ಹೇಳ್ಕೊಳ್ಳಿ?"

ಡಾಕ್ಟರು ಸ್ಟೂಲು ಎಳೆದುಕೊಂಡು ಅವಳ ಮುಖದ ಮಟ್ಟಕ್ಕೆ ಕೂತರು. "ನನ್ನ ಮುಂದೆ ಹೇಳಿ" ಎಂದರು. "ಭದ್ರವಾಗಿ ಹೊಲಿದಿದ್ದೀನಮ್ಮ. ಒಂದು ಊಟಕ್ಕೆ ಬಿಚ್ಚಿಕೊಳ್ಳೋ ಹೊಲಿಗೆ ಅಲ್ಲ. ಮತ್ತೆ ಯಾವತ್ತೂ ಬರೋದೇ ಇಲ್ಲ ಅಂತ ಆಣೆ ಹಾಕಲಾರೆ, ಕೆಲವರಿಗೆ ಬರೋದುಂಟು. ಬಂದರೆ ನೋಡೋದಕ್ಕೆ ನಾನಿದ್ದೀನಿ. ನೀವು ಮಾಡಬೇಕಾದ್ದು ಇಷ್ಟೇ: ನೀರು ಕುಡಿಯಿರಿ, ಸೊಪ್ಪು ತರಕಾರಿ ತಿನ್ನಿ, ಮೆತ್ತಗಾಗೋಕೆ ಔಷಧ ಕೊಡ್ತೀನಿ. ಬಂದಾಗ ತಡೆಯಬೇಡಿ, ಬರದಿದ್ದಾಗ ಮುಕ್ಕಿರಿಯಬೇಡಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ. ಆರು ವಾರ ಭಾರ ಎತ್ತಬೇಡಿ." ಆಮೇಲೆ ನನ್ನ ಕಡೆ ತಿರುಗಿ, "ಬಾಗಿಲ ಹೊರಗೆ ನಿಂತು ಯಾರೂ ಅವಸರ ಮಾಡಬಾರದು" ಎಂದರು. ಸೊಸೆ ಹೇಳಿಕೊಟ್ಟಿರಬೇಕು. ತಲೆ ತಗ್ಗಿಸಿದೆ.

ನರ್ಸು ಟ್ರೇ ಎತ್ತಿಕೊಂಡು ಹೋದಳು. ಗಂಜಿಗೆ ಹೇಳಿ ಡಾಕ್ಟರು ಮುಂದಿನ ಮಂಚಕ್ಕೆ ನಡೆದರು. ದಾಕ್ಷಾಯಣಮ್ಮ ಸೋಮಿಯ ಕಡೆ ಹೊರಳಿದರು. "ನೋಡಿ ಸೋಮಮ್ಮ, ನನಗೂ ಮೊನ್ನೆ ಡಾಕ್ಟರು ಅದನ್ನೇ ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕನ್ನಡದಲ್ಲಿ ಹೇಳೋಕೆ ನನಗೆ ಬಾಯೇ ಬರಲಿಲ್ಲ" ಎಂದರು. ಆಮೇಲೆ ನನ್ನ ಮುಖ ನೋಡದೆ, "ಯಜಮಾನರು ಒಳಗೇ ಕೂತಿರಲಿ, ಪರವಾಗಿಲ್ಲ" ಅಂದರು.

ಗಂಜಿ ಬಂತು. ಸೋಮಿಗೆ ಚಮಚದಲ್ಲಿ ಕುಡಿಸಿದೆ. ನಾಲ್ಕು ಚಮಚ ಆದಮೇಲೆ ಲೋಟವನ್ನೇ ಕಿತ್ತುಕೊಂಡು ಕುಡಿದಳು.

"ಯಾಕೆ ಹೇಳ್ದೆ ಸೋಮಿ?" ಎಂದೆ. "ನಾನು ಅಷ್ಟು ಗೋಗರೆದ್ರೂ ಹೇಳ್ಲಿಲ್ಲ. ಟ್ಯೂಬ್ ಹಾಕುಸ್ಕೋತೀನಿ ಅಂದೋಳು..."

"ನನ್ಗೇನಾದ್ರೂ ಆಗ್ಲಿ, ತಡ್ಕೋತಿದ್ದೆ" ಎಂದಳು. "ನನ್ ತಪ್ಪು ತಲೆ ಮೇಲೆ ಹೊತ್ಕೊಂಡೋರ್ಗೆ ಸುಳ್ಳ ಅಂದ್ರೆ ಎಂಗೆ ಕೇಳ್ಕೊಂಡು ಮನೀಕೊಳ್ಳಿ? ಅದ್ ಆಗ್ಲಿಲ್ಲ ನನ್ ಕೈಲಿ."

ಆರು ವರ್ಷ ನಾನು ಏನೇನೋ ಅಂದುಕೊಂಡಿದ್ದೆನಲ್ಲ, ತಾತ್ಸಾರ, ಬೇಸರ, ಅದೂ ಇದೂ. ಅದನ್ನೆಲ್ಲ ಅವಳಿಗೆ ಹೇಳಿಬಿಟ್ಟೆ ಅಲ್ಲೇ, ಅಷ್ಟು ಜನರ ನಡುವೆ. ಅವಳು ಕೇಳಿ ನನ್ನ ತಲೆಯ ಮೇಲೆ ಒಂದು ಮೊಟಕಿದಳು.

"ಅದೇನಾರಾ ಇದ್ದಿದ್ರೆ ಎಂದೋ ನಿಮ್ ಬಸ್ಸಿಂದ ಇಳ್ದು ಹೋಗ್ತಿದ್ದೆ. ಇಷ್ಟ್ ದಿನ ಯಾಕ್ ಕೂತಿರ್ತಿದ್ದೆ?" ಎಂದಳು. "ಇನ್ಮ್ಯಾಕೆ ನನ್ ನೋವು ನಾನೇ ಹೇಳ್ಕೋತೀನಿ. ನೀವು ನನ್ ಪರವಾಗಿ ಎದ್ ನಿಂತ್ಕೊಂಡು ಕೂಗೋದು ಬ್ಯಾಡ. ಪಕ್ಕದಲ್ಲಿ ಕೂತ್ಕೊಂಡು ಕೇಳುಸ್ಕೊಳಿ, ಅಷ್ಟು ಸಾಕು."

ಆಗಲಿ ಎಂದೆ.

"ಸರಿ, ಕೇಳುಸ್ಕೊಳಿ ಮತ್ತೆ" ಎಂದು ಲೋಟ ನನ್ನ ಕೈಗಿತ್ತಳು. "ಹೊಟ್ಟೆ ಹಸೀತಾ ಅದೆ. ಇನ್ನೊಂದ್ ಲೋಟ ಈಸ್ಕೊಂಡು ಬನ್ನಿ."

ನಾನು ಲೋಟ ಹಿಡಿದು ಅಡಿಗೆಮನೆಯ ಕಡೆ ಓಡಿದೆ.